ರೂಪಾಯಿಗೆ ಎಷ್ಟಾಣೆ ನೋವು?

ನನ್ನಜ್ಜಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಕೀಲಿನ ಮೂಳೆ ಮುರಿದುಕೊಂಡಾಗ ನಾನು ಎಂ.ಎ. ಮುಗಿಸಿ ಮನೆಯಲ್ಲಿದ್ದೆ. ಜಿಲ್ಲಾ ಕೇಂದ್ರದ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ರಾಡು ಹಾಕಿದರು. ಹೆಂಗಸರ ವಾರ್ಡಿನಲ್ಲಿ ರಾತ್ರಿ ಜೊತೆಗಿರಲು ಒಬ್ಬರಿಗೆ ಮಾತ್ರ ಅವಕಾಶ. ಬೇರೆ ಕೆಲಸವಿಲ್ಲದವಳು ನಾನೇ ಆದ್ದರಿಂದ ನನ್ನನ್ನೇ ಬಿಟ್ಟರು.

ಆಪರೇಷನ್ ಆದ ಮರುದಿನ ಮಧ್ಯಾಹ್ನ ಊರಿನಿಂದ ಜನ ಬಂದರು. ಚಿಕ್ಕಪ್ಪ, ದೊಡ್ಡತ್ತೆ, ಪಕ್ಕದ ಮನೆಯವರು, ಅವರ ಜೊತೆಗೊಂದು ಮಗು. ಅಜ್ಜಿ ಮಲಗಿದ್ದಲ್ಲಿಂದಲೇ ಎಲ್ಲರನ್ನೂ ಮಾತಾಡಿಸಿದಳು. ಗಬ್ಬದ ಹಸು ಕರು ಹಾಕಿತೇ, ಅಡಿಕೆ ಕೊಯ್ಲಿಗೆ ಆಳು ಸಿಕ್ಕರೇ ಎಂದು ವಿಚಾರಿಸಿದಳು. ಮಗು ಏನೋ ಹೇಳಿದ್ದಕ್ಕೆ ನಕ್ಕಳು. ಅದೇ ಹೊತ್ತಿಗೆ ಸಿಸ್ಟರ್ ಬಂದು ಬಿಪಿ ನೋಡಿ, "ಅಜ್ಜೀ, ನೋವುಂಟಾ?" ಎಂದು ಕೇಳಿದರು. ಕೇರಳದ ಕಡೆಯ ಹುಡುಗಿ, ಹೆಚ್ಚೆಂದರೆ ನನಗಿಂತ ಎರಡು ವರ್ಷ ದೊಡ್ಡವರು. "ಪರವಾಗಿಲ್ಲ ಕಣಮ್ಮ. ನಿಮ್ಮದು ಊಟ ಆಯ್ತಾ?" ಎಂದಳು ಅಜ್ಜಿ. ಸಿಸ್ಟರ್ ನಕ್ಕು, ಹಾಳೆಯಲ್ಲಿ ಬರೆದುಕೊಂಡು, ಮುಂದಿನ ಹಾಸಿಗೆಗೆ ಹೋದರು.

ಎಲ್ಲರೂ ಐದರ ಬಸ್ಸಿಗೆ ಹೊರಟರು. ನಾನು ಫ್ಲಾಸ್ಕಿಗೆ ಕಾಫಿ ಹಾಕಿಸಿಕೊಂಡು ಬರುವಷ್ಟರಲ್ಲಿ ಅಜ್ಜಿ ಮಂಚದ ಕಬ್ಬಿಣದ ಸರಳು ಹಿಡಿದುಕೊಂಡು, ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಮಲಗಿದ್ದಳು. ಕಣ್ಣಂಚಿನಿಂದ ನೀರು ಕಿವಿಗೆ ಇಳಿಯುತ್ತಿತ್ತು. ನಾನು ಕೌಂಟರಿಗೆ ಓಡಿ ಜಗಳಕ್ಕೇ ನಿಂತೆ. "ಮಧ್ಯಾಹ್ನ ಕೇಳಿದೆನಲ್ಲ, ಪರವಾಗಿಲ್ಲ ಅಂದ್ರಲ್ಲ. ಚೆನ್ನಾಗಿ ನಗ್ತಾ ಇದ್ರು" ಎಂದರು ಸಿಸ್ಟರ್. ಇಂಜೆಕ್ಷನ್ ಬರುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಆ ಹುಡುಗಿಯ ಮೇಲೆ ನನಗೆ ಬಹಳ ಕಾಲ ಸಿಟ್ಟಿತ್ತು. ಅವರ ಪಾಲಿಗೆ ಆ ದಿನ ಮೂವತ್ತಕ್ಕೂ ಹೆಚ್ಚು ಹಾಸಿಗೆಗಳಿದ್ದವು ಎಂಬುದು ನನಗೆ ಆಗಲೂ ಗೊತ್ತಿತ್ತು. ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಅಷ್ಟೆ.

ಹಾಸಿಗೆಯ ಬುಡಕ್ಕೆ ಸಿಕ್ಕಿಸಿದ್ದ ಕೇಸ್ ಶೀಟನ್ನು ಆ ರಾತ್ರಿ ಕದ್ದು ಓದಿದೆ. ನೋವಿನ ಇಂಜೆಕ್ಷನ್ನಿನ ಹೆಸರಿನ ಮುಂದೆ 'ಎಸ್‌ಒಎಸ್' ಎಂದು ಬರೆದಿತ್ತು. ಮುಳುಗುವ ಹಡಗು ಕಳಿಸುವ ಸಂದೇಶವೆಂದೇ ನಾನು ತಿಳಿದಿದ್ದೆ. ವೈದ್ಯರ ಚೀಟಿಯಲ್ಲಿ ಅದಕ್ಕೆ ಹಡಗಿನ ಸಂಬಂಧವಿಲ್ಲ. 'ಸಿ ಓಪಸ್ ಸಿಟ್' ಎಂಬ ಲ್ಯಾಟಿನ್ ಮಾತಿನ ಮೊದಲಕ್ಷರಗಳು ಅವು, ಅರ್ಥ 'ಅಗತ್ಯಬಿದ್ದರೆ'. ಇಂಗ್ಲೆಂಡ್, ಅಮೆರಿಕದ ಆಸ್ಪತ್ರೆಗಳಲ್ಲಿ ಇದೇ ಕೆಲಸಕ್ಕೆ 'ಪಿಆರ್‌ಎನ್' ಎಂದು ಬರೆಯುತ್ತಾರೆ. ಅಗತ್ಯಬಿದ್ದರೆ ಕೊಡಿ ಎಂದು ಬರೆದು ಡಾಕ್ಟರು ಹೋಗುತ್ತಾರೆ. ಅಗತ್ಯ ಬಿದ್ದಿದೆಯೇ ಇಲ್ಲವೇ ಎಂದು ತೀರ್ಮಾನಿಸುವವರು ಯಾರು? ಔಷಧ ಬರೆಯುವ ಅಧಿಕಾರವಿಲ್ಲದ ನರ್ಸ್. ನನ್ನ ಸಂಶೋಧನೆ ಹಳೆಯ ಆಸ್ಪತ್ರೆಗಳ ಸುತ್ತ ತಿರುಗಲು ಆ ಮೂರು ಅಕ್ಷರಗಳೂ ಒಂದು ಕಾರಣ. ಆಡಳಿತ ವರದಿಗಳಲ್ಲಿ ನಾನು ಓದಿದ ಪುಟಗಳಲ್ಲಿ ದಾಖಲಾದವರೆಷ್ಟು, ಗುಣವಾದವರೆಷ್ಟು, ಸತ್ತವರೆಷ್ಟು ಎಂಬ ಲೆಕ್ಕವಿದೆ. ನೋವಿಗೊಂದು ಕಾಲಂ ನನಗೆ ಕಾಣಿಸಲಿಲ್ಲ. ನೋವಿನ ಲೆಕ್ಕ ಇದ್ದದ್ದು ಹಾಸಿಗೆಗಳ ನಡುವೆ ಓಡಾಡುವವರ ತಲೆಯಲ್ಲಿ ಮಾತ್ರ.

ಕೇಳುವುದು ಹೇಗೆ ಎಂಬುದರ ಬಗ್ಗೆ ಮೊದಲು ತಲೆಕೆಡಿಸಿಕೊಂಡವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಒಬ್ಬಳು. 1859ರಲ್ಲಿ ಬಂದ ಅವಳ 'ನೋಟ್ಸ್ ಆನ್ ನರ್ಸಿಂಗ್' ಪುಸ್ತಕದಲ್ಲಿ ರೋಗಿಯನ್ನು ಗಮನಿಸುವುದರ ಬಗ್ಗೆಯೇ ಒಂದು ಅಧ್ಯಾಯವಿದೆ. ರಾತ್ರಿ ಚೆನ್ನಾಗಿ ನಿದ್ದೆ ಬಂತೇ ಎಂದು ಕೇಳಬೇಡಿ, ಎಷ್ಟು ಗಂಟೆ ನಿದ್ದೆ ಬಂತು, ಯಾವ ಯಾವ ಹೊತ್ತಿನಲ್ಲಿ ಬಂತು ಎಂದು ಕೇಳಿ ಎನ್ನುತ್ತಾಳೆ ಅವಳು. ಮೊದಲ ಪ್ರಶ್ನೆಯೊಳಗೇ ಉತ್ತರ ಕೂತಿರುತ್ತದೆ, ಮರ್ಯಾದಸ್ಥ ರೋಗಿ 'ಹೌದು' ಎಂದುಬಿಡುತ್ತಾನೆ. ಲ್ಯಾಂಪ್ ಹಿಡಿದ ಕರುಣಾಮಯಿಯ ಚಿತ್ರ ನಮ್ಮ ಪಠ್ಯಪುಸ್ತಕದಲ್ಲಿತ್ತು. ಪ್ರಶ್ನೆ ಕೇಳುವುದರಲ್ಲಿ ಇಷ್ಟು ಕಟ್ಟುನಿಟ್ಟಾದ ಈ ಹೆಂಗಸು ಇರಲಿಲ್ಲ. ಕ್ರಿಮಿಯಾದಿಂದ ಮರಳಿದ ಮೇಲೆ ಅವಳೇ ವರ್ಷಗಟ್ಟಲೆ ಹಾಸಿಗೆ ಹಿಡಿದಳು. ಬೆನ್ನುನೋವಿಗೆ ಚರ್ಮದಡಿ ಅಫೀಮು ಚುಚ್ಚಿಸಿಕೊಳ್ಳುವ, ಆಗಷ್ಟೇ ಬಂದಿದ್ದ ವಿಧಾನದಿಂದ ಒಂದಿಷ್ಟು ಉಪಶಮನ ಸಿಕ್ಕಿತೆಂದು ಪತ್ರದಲ್ಲಿ ಬರೆದಿದ್ದಾಳೆ.

ಅವಳ ಹೆಸರಿನ ಶಾಲೆಯಲ್ಲೇ, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ, ಎರಡನೇ ಮಹಾಯುದ್ಧದ ಕಾಲದಲ್ಲಿ ನರ್ಸಿಂಗ್ ಕಲಿತವಳು ಸಿಸಿಲಿ ಸಾಂಡರ್ಸ್. ಬೆನ್ನಿನ ತೊಂದರೆಯಿಂದ ನರ್ಸ್ ಕೆಲಸ ಬಿಡಬೇಕಾಯಿತು. ಆಸ್ಪತ್ರೆಯಲ್ಲಿ ಬಡ ರೋಗಿಗಳ ಕಷ್ಟಸುಖ ವಿಚಾರಿಸುವ ಸಮಾಜಕಾರ್ಯಕರ್ತೆಯಾದಳು. ಅಲ್ಲಿ ಅವಳಿಗೆ ಸಿಕ್ಕವನು ಡೇವಿಡ್ ಟಾಸ್ಮಾ, ವಾರ್ಸಾದಿಂದ ಬಂದ ಯಹೂದಿ, ನಲವತ್ತರ ಪ್ರಾಯದಲ್ಲಿ ಕ್ಯಾನ್ಸರಿನಿಂದ ಸಾಯುತ್ತಿದ್ದವನು. ಸಾಯುವವರು ನೋವಿಲ್ಲದೆ ಇರಬಹುದಾದ ಒಂದು ಮನೆಯ ಬಗ್ಗೆ ಇಬ್ಬರೂ ಮಾತಾಡಿಕೊಂಡರು. 1948ರಲ್ಲಿ ತೀರಿಕೊಂಡಾಗ ಅವನು ಅವಳಿಗೆ 500 ಪೌಂಡ್ ಬಿಟ್ಟುಹೋದ, ಆ ಮನೆಯಲ್ಲಿ ತಾನೊಂದು ಕಿಟಕಿಯಾಗಿರುತ್ತೇನೆ ಎಂದು.

ಅದೇ ಕಾಲದಲ್ಲಿ ಸಂಜೆ ಹೊತ್ತು ಅವಳು ಸೇಂಟ್ ಲ್ಯೂಕ್ಸ್ ಎಂಬಲ್ಲಿ ಸ್ವಯಂಸೇವಕಿಯಾಗಿ ಹೋಗುತ್ತಿದ್ದಳು. ಬೇರೆ ಆಸ್ಪತ್ರೆಗಳಲ್ಲಿ ರೋಗಿ ತಡೆಯಲಾರದೆ ಕೇಳಿದ ಮೇಲೆ ಮಾರ್ಫಿನ್ ಕೊಡುತ್ತಿದ್ದರು. ಕೊಟ್ಟದ್ದು ಇಳಿದ ಮೇಲೆ ಮತ್ತೆ ನರಳಿ, ಮತ್ತೆ ಕೇಳಬೇಕು. ಸೇಂಟ್ ಲ್ಯೂಕ್ಸಿನಲ್ಲಿ ಗಡಿಯಾರ ನೋಡಿಕೊಂಡು, ನೋವು ಮರಳುವ ಮೊದಲೇ, ನಾಲ್ಕು ಗಂಟೆಗೊಮ್ಮೆ ಕೊಡುತ್ತಿದ್ದರು. ಕೇಳಿಸಿಕೊಳ್ಳಲು ಸಣ್ಣ ವಿಷಯ. ಆದರೆ ಗಂಟೆಗಂಟೆಗೆ ಬೇಡುವ ದೈನ್ಯ ಇದರಿಂದ ತಪ್ಪಿತು. ಬೇಡಿದವರನ್ನು ಚಟದವರೆಂದು ಅನುಮಾನಿಸುವ ಪ್ರಮೇಯವೂ ಬರಲಿಲ್ಲ. ಇದನ್ನು ಬೇರೆಡೆ ತರಬೇಕೆಂದರೆ ನರ್ಸ್ ಹೇಳಿದರೆ ಯಾರೂ ಕೇಳುವುದಿಲ್ಲ, ಡಾಕ್ಟರೇ ಆಗು ಎಂದು ಅವಳು ಕೆಲಸ ಮಾಡುತ್ತಿದ್ದ ಸರ್ಜನ್ ಸಲಹೆ ಕೊಟ್ಟ. ಅವಳು ಓದಿ, 1957ರಲ್ಲಿ ಡಾಕ್ಟರಾದಳು. ಸೇಂಟ್ ಜೋಸೆಫ್ಸ್ ಹಾಸ್ಪೈಸಿನಲ್ಲಿ ಸಾವಿರ ರೋಗಿಗಳ ದಾಖಲೆ ಬರೆದಿಟ್ಟು, 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಕಟ್ಟಿದಳು. ಟಾಸ್ಮಾನ ಕಿಟಕಿ ಅಲ್ಲಿದೆ. ಈ ಕಥೆಯನ್ನು ಎಲ್ಲರೂ ಸ್ಫೂರ್ತಿಯ ಕಥೆಯಾಗಿ ಹೇಳುತ್ತಾರೆ. ನನಗೆ ಅದರಲ್ಲಿ ಕುಟುಕುವುದು ಆ ಸರ್ಜನ್ನನ ಸಲಹೆ. ಹಾಸಿಗೆಯ ಪಕ್ಕ ನಿಂತು ಕಂಡುಕೊಂಡ ಸತ್ಯಕ್ಕೆ ಬೆಲೆ ಬರಲು ಇನ್ನೊಂದು ಪದವಿ ಬೇಕಾಯಿತು.

ಪದವಿ ಬದಲಿಸದೆ ಹೇಳಿದವಳು ಮಾರ್ಗೋ ಮೆಕ್‌ಕ್ಯಾಫರಿ. ಕ್ಯಾಲಿಫೋರ್ನಿಯಾದಲ್ಲಿ ನರ್ಸಿಂಗ್ ಪಾಠ ಮಾಡುತ್ತಿದ್ದ ಅವಳು 1968ರಲ್ಲಿ ತನ್ನ ವಿದ್ಯಾರ್ಥಿಗಳಿಗೆ ಕೊಟ್ಟ ಟಿಪ್ಪಣಿಯಲ್ಲಿ ನೋವಿಗೊಂದು ವ್ಯಾಖ್ಯೆ ಬರೆದಳು. ಅದರ ತಾತ್ಪರ್ಯ ಇಷ್ಟು: ಅನುಭವಿಸುತ್ತಿರುವವರು ಯಾವುದನ್ನು ನೋವು ಎನ್ನುತ್ತಾರೋ ಅದೇ ನೋವು, ಇದೆ ಎಂದಾಗಲೆಲ್ಲ ಅದು ಇದೆ. ತತ್ವಶಾಸ್ತ್ರದವರಿಗೆ ಇದು ಬಾಲಿಶವಾಗಿ ಕಾಣಬಹುದು. ಆದರೆ ಇದು ವಾರ್ಡಿಗೆ ಬರೆದ ನಿಯಮ. ನಿನ್ನ ಅನುಮಾನವನ್ನು ಬದಿಗಿಡು, ಅಳೆಯುವ ಉಪಕರಣ ಅವರ ಬಾಯಿಯೇ, ಬೇರೆ ಮೀಟರ್ ಇಲ್ಲ ಎಂದು ಅದು ಹೇಳುತ್ತದೆ.

ಅನುಮಾನ ಎಷ್ಟು ಆಳವಾಗಿತ್ತೆಂಬುದು ಐದು ವರ್ಷದ ನಂತರ ಬಯಲಾಯಿತು. ನ್ಯೂಯಾರ್ಕಿನ ಮಾರ್ಕ್ಸ್ ಮತ್ತು ಸಾಚಾರ್ ಎಂಬ ಇಬ್ಬರು ಮನೋವೈದ್ಯರನ್ನು, ವಾರ್ಡಿನಲ್ಲಿ ಸದಾ ನೋವು ನೋವು ಎಂದು ಕಾಟಕೊಡುವ ರೋಗಿಗಳನ್ನು ನೋಡಲು ಕರೆಯುತ್ತಿದ್ದರಂತೆ. ನೋಡಿದರೆ ಅವರಲ್ಲಿ ಅನೇಕರಿಗೆ ಮನಸ್ಸಿನ ತೊಂದರೆಯೇನೂ ಇರಲಿಲ್ಲ, ಔಷಧ ಸಾಕಾಗಿರಲಿಲ್ಲ. ಅವರು 37 ರೋಗಿಗಳನ್ನು ಕ್ರಮವಾಗಿ ಮಾತಾಡಿಸಿ 1973ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಡಾಕ್ಟರುಗಳು ಬೇಕಾದದ್ದಕ್ಕಿಂತ ಕಡಿಮೆ ಬರೆದಿದ್ದರು, ನರ್ಸುಗಳು ಬರೆದದ್ದಕ್ಕಿಂತಲೂ ಕಡಿಮೆ ಕೊಟ್ಟಿದ್ದರು. ಚಟ ಹತ್ತೀತೆಂಬ ಭಯ ಇಬ್ಬರಿಗೂ. 'ಅಗತ್ಯಬಿದ್ದರೆ' ಎಂಬ ಮಾತು ನಿಜವಾಗಿ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಚಿತ್ರ ನನಗೆ ಸಿಕ್ಕಿಲ್ಲ.

ಮಕ್ಕಳ ಪಾಡು ಇನ್ನೂ ಕಷ್ಟ. ಅಯೋವಾದ ಜೋ ಈಲಂಡ್ ಎಂಬ ನರ್ಸ್ ಎಪ್ಪತ್ತರ ದಶಕದಲ್ಲಿ, ಶಸ್ತ್ರಚಿಕಿತ್ಸೆಯಾದ 25 ಮಕ್ಕಳ ದಾಖಲೆ ತೆಗೆದು ನೋಡಿದಳು. 13 ಮಕ್ಕಳಿಗೆ ಆಸ್ಪತ್ರೆಯಲ್ಲಿದ್ದಷ್ಟೂ ದಿನ ನೋವಿನ ಔಷಧವನ್ನೇ ಕೊಟ್ಟಿರಲಿಲ್ಲ. ಮಕ್ಕಳಿಗೆ ಅಷ್ಟಾಗಿ ನೋವಾಗುವುದಿಲ್ಲ, ಆದರೂ ಮರೆತುಬಿಡುತ್ತವೆ ಎಂಬ ನಂಬಿಕೆ. ನೋವಾದರೆ ಹೇಳುತ್ತವಲ್ಲ ಎಂಬುದು ಇನ್ನೊಂದು. ಹೇಳಿದರೆ ಏನಾಗುತ್ತದೆಂದು ಮಗುವಿಗೆ ಗೊತ್ತು: ಸೂಜಿ ಬರುತ್ತದೆ! ಸುಮ್ಮನಿರುವುದೇ ವಾಸಿ ಎಂದು ಯಾವ ಮಗುವಾದರೂ ಲೆಕ್ಕ ಹಾಕುತ್ತದೆ. ಮುಂದೆ 1980ರ ದಶಕದ ಆರಂಭದಲ್ಲಿ ಒಕ್ಲಹೋಮಾದ ಟಲ್ಸಾದಲ್ಲಿ, ಸುಟ್ಟಗಾಯದ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದ ಡೋನಾ ವಾಂಗ್ ಎಂಬ ನರ್ಸ್ ಮತ್ತು ಕೋನಿ ಬೇಕರ್ ಸೇರಿ ಆರು ಮುಖಗಳ ಪಟ್ಟಿ ಮಾಡಿದರು. ನಗುವ ಮುಖದಿಂದ ಹಿಡಿದು ಕಣ್ಣೀರಿಡುವ ಮುಖದವರೆಗೆ. ಈಗ ನಮ್ಮ ಖಾಸಗಿ ಆಸ್ಪತ್ರೆಗಳ ಗೋಡೆಯ ಮೇಲೂ ಅದು ಕಾಣುತ್ತದೆ. ಮಕ್ಕಳ ಕೈಯಲ್ಲೇ ಚಿತ್ರ ಬರೆಸಿ, ಅವುಗಳಿಂದ ಕಲಿತು ರೂಪಿಸಿದ್ದು ಎಂಬ ಕಾರಣಕ್ಕೆ ನನಗೆ ಅದರ ಮೇಲೆ ಗೌರವ.

ಇಷ್ಟು ಓದಿಕೊಂಡ ಮೇಲೆ ನನಗೆ ಆಂಡ್ರ್ಯೂ ಮತ್ತು ರಾಬರ್ಟ್ ಸಿಕ್ಕರು. ನಿಜವಾದ ರೋಗಿಗಳಲ್ಲ. ಮೆಕ್‌ಕ್ಯಾಫರಿ ಮತ್ತು ಬೆಟ್ಟಿ ಫೆರೆಲ್ ಎಂಬ ಇನ್ನೊಬ್ಬ ನರ್ಸ್ 1990ರ ದಶಕದ ಮೊದಲಲ್ಲಿ, ನರ್ಸುಗಳಿಗೆ ಕೊಡಲು ಕಲ್ಪಿಸಿಕೊಂಡವರು. ಇಬ್ಬರಿಗೂ 25 ವರ್ಷ. ಇಬ್ಬರಿಗೂ ಹೊಟ್ಟೆಯ ಆಪರೇಷನ್ ಆಗಿ ಒಂದು ದಿನ. ಬಿಪಿ ಒಂದೇ, ನಾಡಿಬಡಿತ ಒಂದೇ, ಉಸಿರಾಟ ಒಂದೇ. ಹತ್ತಕ್ಕೆ ಎಷ್ಟು ನೋವು ಎಂದರೆ ಇಬ್ಬರೂ ಹೇಳುವುದು ಎಂಟು. ವ್ಯತ್ಯಾಸ ಒಂದೇ. ನೀವು ಕೋಣೆಗೆ ಹೋದಾಗ ಆಂಡ್ರ್ಯೂ ನಗುತ್ತಾನೆ, ನೋಡಲು ಬಂದವರ ಜೊತೆ ಹರಟೆಯಲ್ಲಿದ್ದಾನೆ. ರಾಬರ್ಟ್ ಸದ್ದಿಲ್ಲದೆ ಮಲಗಿದ್ದಾನೆ, ಹೊರಳುವಾಗ ಮುಖ ಕಿವಿಚುತ್ತಾನೆ. ದಾಖಲೆಯಲ್ಲಿ ನೀವು ಬರೆಯುವ ಅಂಕಿ ಎಷ್ಟು? ಬರೆದಿರುವ ಮಿತಿಯೊಳಗೆ ಎಷ್ಟು ಮಾರ್ಫಿನ್ ಕೊಡುತ್ತೀರಿ?

ಸರಿಯುತ್ತರ ಇಬ್ಬರಿಗೂ ಒಂದೇ. ಆದರೆ ರಾಬರ್ಟನ ಎಂಟನ್ನು ಎಂಟೆಂದೇ ಬರೆದ ನರ್ಸುಗಳಿಗಿಂತ ಆಂಡ್ರ್ಯೂವಿನ ಎಂಟನ್ನು ಎಂಟೆಂದು ಬರೆದವರು ಕಡಿಮೆ. ಔಷಧ ಹೆಚ್ಚಿಸುವ ವಿಷಯಕ್ಕೆ ಬಂದರೆ ಇನ್ನೂ ಕಡಿಮೆ. ನಗುವವನ ನೋವನ್ನು ಕಾಗದದ ಮೇಲೇ ಒಂದಿಷ್ಟು ಕತ್ತರಿಸಿಬಿಟ್ಟಿದ್ದರು. ಅನಂತರ ಬೇರೆ ಬೇರೆ ದೇಶಗಳಲ್ಲೂ ಈ ಪ್ರಶ್ನೆಪತ್ರಿಕೆ ಬಳಕೆಗೆ ಬಂತು, ಇದೇ ಓರೆ ಮತ್ತೆ ಮತ್ತೆ ಕಂಡಿತು.

ಗ್ರಂಥಾಲಯದಲ್ಲಿ ಕೂತು ಇದನ್ನು ಓದಿದಾಗ ನನ್ನೆದುರು ಬಂದದ್ದು ಐದರ ಬಸ್ಸಿಗೆ ಹೊರಟ ನೆಂಟರು. ಅಜ್ಜಿಯೇ ಆಂಡ್ರ್ಯೂ. ಆದರೆ ಒಂದು ತೊಡಕಿದೆ. ಆಂಡ್ರ್ಯೂ ನಗುತ್ತಲೇ 'ಎಂಟು' ಎಂದು ಹೇಳುತ್ತಾನೆ. ಅಜ್ಜಿ 'ಪರವಾಗಿಲ್ಲ' ಎಂದಿದ್ದಳು. ಹೇಳಿದ್ದನ್ನು ನಂಬು ಎಂಬ ಮೆಕ್‌ಕ್ಯಾಫರಿಯ ನಿಯಮವನ್ನು ಆ ಹುಡುಗಿ ಅಕ್ಷರಶಃ ಪಾಲಿಸಿದ್ದರು! ನಮ್ಮಲ್ಲಿ 'ಪರವಾಗಿಲ್ಲ' ಎಂಬುದು ನೋವಿನ ವರದಿಯಲ್ಲ, ಅದೊಂದು ಮರ್ಯಾದೆ. ಮನೆಗೆ ಬಂದವರು ಕಾಫಿ ಬೇಡ ಎಂದಂತೆ. ನೈಟಿಂಗೇಲ್ ಎಚ್ಚರಿಸಿದ್ದು ಇದನ್ನೇ: 'ನೋವುಂಟಾ' ಎಂದರೆ 'ಇಲ್ಲ' ಎನ್ನುವುದು ಸುಲಭ.

ಭಾಷೆಯ ಬಡತನವಂತೂ ಅಲ್ಲ. ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಿಂದ ನೋವನ್ನು ಬಣ್ಣಿಸುವ 78 ಇಂಗ್ಲಿಷ್ ಪದಗಳನ್ನು 20 ಗುಂಪು ಮಾಡಿ ಒಂದು ಪ್ರಶ್ನಾವಳಿ ತಂದ. ಅಜ್ಜಿಯ ಬಾಯಲ್ಲಿ ಅಷ್ಟು ಇಲ್ಲದಿದ್ದರೂ ಕಡಿಮೆಯೇನಿರಲಿಲ್ಲ. ಮಂಡಿ ಸೆಳೆಯುತ್ತಿತ್ತು, ತಲೆ ಸಿಡಿಯುತ್ತಿತ್ತು, ಹೊಟ್ಟೆ ಹಿಂಡುತ್ತಿತ್ತು, ಕಣ್ಣು ಉರಿಯುತ್ತಿತ್ತು, ಬೆನ್ನಲ್ಲಿ ಛಳಕು ಹಿಡಿಯುತ್ತಿತ್ತು, ಕಾಲು ಜೋಮು ಹಿಡಿಯುತ್ತಿತ್ತು. ಹೆರಿಗೆಯದು ಮಾತ್ರ ಬೇನೆ, ಅದನ್ನವಳು ನೋವು ಎಂದದ್ದು ನಾನು ಕೇಳಿಲ್ಲ. ಮನೆಯಲ್ಲಿ ಇಷ್ಟೆಲ್ಲ ಹೇಳುತ್ತಿದ್ದವಳು ಆಸ್ಪತ್ರೆಯ ಹಾಸಿಗೆಯಲ್ಲಿ ಒಂದೇ ಪದಕ್ಕೆ ಇಳಿದಿದ್ದಳು. ಡ್ಯೂಟಿ ಡಾಕ್ಟರೊಬ್ಬರು ರೌಂಡ್ಸಿನಲ್ಲಿ "ಹತ್ತಕ್ಕೆ ಎಷ್ಟು ನೋವಜ್ಜಿ?" ಎಂದು ಕೇಳಿದ್ದರು. "ಹತ್ತಕ್ಕೆ ಎಷ್ಟು ಅಂದ್ರೆ ಏನು ಹೇಳ್ಲಿ ಸ್ವಾಮಿ, ನಾನೇನು ಪರೀಕ್ಷೆ ಬರ್ದಿದೀನಾ?" ಎಂದಿದ್ದಳು. ವಾರ್ಡೆಲ್ಲ ನಕ್ಕಿತು. ಡಾಕ್ಟರೂ ನಕ್ಕರು, ಮುಂದೆ ಹೋದರು.

ಅಂಕಿಯ ಕಥೆಗೆ ಇನ್ನೊಂದು ಮಗ್ಗುಲಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 1995ರ ಹೊತ್ತಿಗೆ ಅಮೆರಿಕದ ನೋವುತಜ್ಞರ ಸಂಘ, ನಾಡಿ, ಉಸಿರು, ತಾಪ, ರಕ್ತದೊತ್ತಡಗಳ ಜೊತೆ ನೋವನ್ನೂ ಐದನೇ ಜೀವಲಕ್ಷಣವೆಂದು ಪ್ರತಿ ಸಲ ದಾಖಲಿಸಬೇಕೆಂದು ಒತ್ತಾಯಿಸಿತು. 2001ರಲ್ಲಿ ಅಲ್ಲಿನ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ನೋವಿನ ಮಾನದಂಡಗಳನ್ನು ಜಾರಿಗೆ ತಂದಿತು. ಅದೇ ವರ್ಷಗಳಲ್ಲಿ ಪರ್ಡ್ಯೂ ಕಂಪನಿ ಆಕ್ಸಿಕಾಂಟಿನ್ ಮಾತ್ರೆಯನ್ನು, ಚಟ ಹತ್ತುವುದು ಕಡಿಮೆ ಎಂದು ಮಾರುತ್ತಿತ್ತು. ಹಾಗೆ ದಾರಿತಪ್ಪಿಸಿದ್ದನ್ನು 2007ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ಅಷ್ಟರಲ್ಲಿ ಲಕ್ಷಾಂತರ ಜನ ಸಿಕ್ಕಿಬಿದ್ದಿದ್ದರು. 2016ರಲ್ಲಿ ಅಮೆರಿಕದ ವೈದ್ಯಕೀಯ ಸಂಘ ಐದನೇ ಲಕ್ಷಣದ ಮಾತನ್ನು ಕೈಬಿಡಬೇಕೆಂದು ನಿರ್ಣಯಿಸಿತು. ರೋಗಿಯನ್ನು ನಂಬಿ ಎಂದ ನರ್ಸುಗಳನ್ನೂ ಕೆಲವರು ಈ ಅನಾಹುತದ ಪಾಲುದಾರರ ಪಟ್ಟಿಗೆ ಸೇರಿಸುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ನಂಬುವುದು ಬೇರೆ, ನಂಬಿದ ಮೇಲೆ ಏನು ಕೊಡಬೇಕೆಂಬ ವಿವೇಚನೆ ಬೇರೆ. ಆದರೆ ಅಂಕಿಯೊಂದು ಫಾರಂ ತುಂಬುವ ಕೆಲಸವಾದಾಗ, ಎಂಟು ಎಂದರೆ ಇಷ್ಟು ಗುಳಿಗೆ ಎಂದು ಯಂತ್ರದಂತೆ ಕೊಡುವುದಾದಾಗ, ಆ ವಿವೇಚನೆಯೇ ಕಳಚಿಹೋಯಿತು ಎಂಬುದನ್ನು ಒಪ್ಪಬೇಕು.

ನಮ್ಮ ದೇಶದ ತೊಂದರೆ ತಿರುಗಾಮುರುಗ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಪರವಾನಗಿಯಿಂದ ಗಸಗಸೆ ಬೆಳೆದು, ಅಫೀಮು ತೆಗೆದು, ಹೊರದೇಶಗಳಿಗೆ ಕಳಿಸುತ್ತೇವೆ. ಆದರೆ 1985ರ ಮಾದಕದ್ರವ್ಯ ಕಾಯ್ದೆ ಬಂದ ಮೇಲೆ ಆಸ್ಪತ್ರೆಗಳು ಮಾರ್ಫಿನ್ ಇಡಲು ಹೆದರಿದವು. ಒಂದೊಂದು ರಾಜ್ಯದಲ್ಲಿ ಒಂದೊಂದು ಲೈಸೆನ್ಸು, ತಪ್ಪಿದರೆ ಜೈಲು. 1997ರ ಹೊತ್ತಿಗೆ ಇಡೀ ದೇಶದ ವೈದ್ಯಕೀಯ ಬಳಕೆ ವರ್ಷಕ್ಕೆ 18 ಕಿಲೋಗೆ ಇಳಿದಿತ್ತು. ಒಂದು ತಲೆಮಾರಿನ ಡಾಕ್ಟರು, ನರ್ಸುಗಳು ಆ ಔಷಧವನ್ನು ಕಣ್ಣಲ್ಲಿ ನೋಡದೆಯೇ ಓದು ಮುಗಿಸಿದರು. ಕೇರಳದವರು ಮೊದಲು ದಾರಿ ಹುಡುಕಿದರು. 1993ರಲ್ಲಿ ಕೋಳಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಗೆಳೆಯರು ಶುರುಮಾಡಿದ ಸಂಘದಿಂದ ಹಬ್ಬಿದ ಕೆಲಸದಲ್ಲಿ, ನರ್ಸ್ ಮತ್ತು ಊರಿನ ಸ್ವಯಂಸೇವಕರು ರೋಗಿಯ ಮನೆಗೇ ಹೋಗುತ್ತಾರೆ. ಬೆಂಗಳೂರಿನ ಕರುಣಾಶ್ರಯವೂ ತೊಂಬತ್ತರ ದಶಕದಿಂದ ಕ್ಯಾನ್ಸರ್ ರೋಗಿಗಳಿಗೆ ಉಚಿತವಾಗಿ ಈ ಕೆಲಸ ಮಾಡುತ್ತಿದೆ. ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಬಂತು. ಕಾಯ್ದೆ ತಿದ್ದಿದಷ್ಟು ಬೇಗ ಭಯವನ್ನು ತಿದ್ದಲಾಗುವುದಿಲ್ಲ.

ಅಜ್ಜಿಯ ವಾರ್ಡಿಗೆ ಮೂರನೇ ರಾತ್ರಿ ಬೇರೊಬ್ಬ ಸಿಸ್ಟರ್ ಬಂದರು. ಐವತ್ತು ದಾಟಿದವರು, ಹಾಸನದ ಕಡೆಯ ಮಾತು. ಟಾರ್ಚ್ ಕೆಳಗೆ ಹಿಡಿದು, ಮೊದಲು ಅಜ್ಜಿಯ ಮುಖ ನೋಡಲೇ ಇಲ್ಲ. ಸರಳು ಹಿಡಿದ ಕೈ ನೋಡಿದರು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತಮ್ಮ ಕೈಯಲ್ಲಿ ಇಟ್ಟುಕೊಂಡರು. ಪ್ಯಾಟ್ರೀಷಿಯಾ ಬೆನ್ನರ್ ಎಂಬ ವಿದ್ವಾಂಸೆ 1984ರ ತನ್ನ ಪುಸ್ತಕದಲ್ಲಿ, ಅನುಭವಿ ನರ್ಸ್ ನಿಯಮ ನೆನಪಿಸಿಕೊಳ್ಳುವ ಮೊದಲೇ ಒಟ್ಟು ಸಂಗತಿಯನ್ನು ಹಿಡಿದುಬಿಡುತ್ತಾಳೆ ಎನ್ನುತ್ತಾಳೆ. ಅದನ್ನು ಓದಿದಾಗ ನನಗೆ ನೆನಪಾದದ್ದು ಆ ಟಾರ್ಚು.

"ಅಜ್ಜೀ, ರೂಪಾಯಿಗೆ ಎಷ್ಟಾಣೆ ನೋವಿದೆ?" ಎಂದರು.

ಅಜ್ಜಿ ಒಂದು ಗಳಿಗೆ ಯೋಚಿಸಿದಳು. ಪರವಾಗಿಲ್ಲ ಎನ್ನಲಿಲ್ಲ. "ಹನ್ನೆರಡಾಣೆ ಇದೆ ತಾಯಿ."

ಇಂಜೆಕ್ಷನ್ ಕೊಟ್ಟರು. ಅರ್ಧ ಗಂಟೆ ಬಿಟ್ಟು ಮತ್ತೆ ಬಂದರು. "ಈಗ?"

"ನಾಲ್ಕಾಣೆ."

"ನಾಲ್ಕಾಣೆ ಇಟ್ಕೋತೀರಾ?"

"ಇಟ್ಕೋತೀನಿ ಬಿಡಿ. ಪೂರಾ ಹೋದ್ರೆ ಕಾಲು ಇದೆಯೋ ಇಲ್ವೋ ಗೊತ್ತಾಗಲ್ಲ."

ಅವರು ಏನು ಬರೆದರೆಂದು ಬೆಳಗಿನ ಜಾವ ನೋಡಿದೆ. ಆಣೆಗೆ ಅಲ್ಲಿ ಜಾಗವಿರಲಿಲ್ಲ. ನೋವು ಎಂದರು, ಇಂಜೆಕ್ಷನ್ ಕೊಡಲಾಗಿದೆ, ನಿದ್ದೆ ಮಾಡಿದರು ಎಂದಷ್ಟೇ ಇಂಗ್ಲಿಷಿನಲ್ಲಿತ್ತು. ಆದರೆ ಡ್ಯೂಟಿ ಬದಲಾಗುವಾಗ ಬಾಯಲ್ಲೂ ಹೇಳಿರಬೇಕು. ಏಕೆಂದರೆ ಎಂಟೂವರೆಗೆ ಆ ಕೇರಳದ ಸಿಸ್ಟರ್ ಬಂದು, ನನ್ನ ಕಡೆ ನೋಡದೆ, "ಅಜ್ಜೀ, ಎಷ್ಟಾಣೆ?" ಎಂದು ಕೇಳಿದರು. "ಎಂಟು" ಎಂದಳು ಅಜ್ಜಿ. ಸಿಸ್ಟರ್ ತಲೆಯಾಡಿಸಿ ಹೊರಗೆ ಹೋದರು. ನಾನು ಫ್ಲಾಸ್ಕ್ ಹಿಡಿದು ಹೊರಟಾಗ ಬಾಗಿಲ ಹತ್ತಿರ ತಡೆದು, ಸಣ್ಣ ದನಿಯಲ್ಲಿ, "ಒಂದು ರೂಪಾಯಿಗೆ ಎಷ್ಟು ಆಣೆ?" ಎಂದರು. ಹದಿನಾರು ಎಂದೆ. ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡು ಟ್ರೇ ತರಲು ಹೋದರು.